ಬ್ರೇಕ್ ಮುಟ್ಟದ ಮುದಲಾಳಿ

ಮಸಿನಗುಡಿಯಲ್ಲಿ ಜೀಪು ಓಡಿಸುವವನಿಗೆ ನಗು ತಡೆದುಕೊಳ್ಳುವುದೇ ಅರ್ಧ ಕೆಲಸ. ತೊಂಬತ್ತರ ದಶಕದ ಮಾತು. ಮೈಸೂರಿನಿಂದ ಬಂದು ಪಕ್ಕದ ಮಾವನಲ್ಲ ಎಂಬ ಕಾಡಂಚಿನ ಊರಿನಲ್ಲಿ ರೆಸಾರ್ಟ್ ತೆರೆದಿದ್ದ ನಮ್ಮ ಮುದಲಾಳಿ, ಅಂದರೆ ಯಜಮಾನರು, ಹಳೆಯ ಫೋರ್ ವೀಲ್ ಜೀಪೊಂದನ್ನು ಕೊಂಡು, "ನನಗೆ ಕಲಿಸಿಬಿಡು, ಆಮೇಲೆ ಡ್ರೈವರ್ ಯಾಕೆ?" ಎಂದರು. ಆ ಡ್ರೈವರ್ ನಾನೇ. ಆದರೂ ಕಲಿಸಿದೆ.

ನೆಲ ಮುಟ್ಟದ ಕಾಲು

ಮೊದಲ ದಿನವೇ ಹಳ್ಳದ ಮರಳಿನಲ್ಲಿ ಜೀಪು ಹೂತಿತು. ಮುದಲಾಳಿ ಫೋರ್ ವೀಲ್ ಲಿವರ್ ಎಳೆದರು. ಹಿಂದಿನ ಚಕ್ರ ಮಾತ್ರ ತಿರುಗಿತು.

"ಸಾರ್, ಇಳಿದು ಮುಂದಿನ ಒಂದೊಂದು ಚಕ್ರದ ಮಧ್ಯದಲ್ಲಿರೋ ಲಾಕನ್ನೂ ಕೈಯಲ್ಲಿ ತಿರುಗಿಸಬೇಕು, ಆಗಲೇ ಮುಂದಿನ ಚಕ್ರ ಎಳೆಯೋದು" ಎಂದೆ.

"ಕಾಡಲ್ಲಿ ಗಾಡಿಯಿಂದ ಇಳಿಯಬಾರದು ಅಂತ ಬೋರ್ಡಿದೆಯಲ್ಲ?"

ಹಾಗೆಂದವರು ಬಾನೆಟ್ ಮೇಲೆ ಬೋರಲು ಮಲಗಿ, ತಲೆ ಕೆಳಗೆ ಇಳಿಬಿಟ್ಟು ಚಕ್ರಕ್ಕೆ ಕೈ ಚಾಚಿದರು. ಅಷ್ಟರಲ್ಲಿ ಫಾರೆಸ್ಟ್ ವಾಚರ್ ಬಂದ.

"ಏನ್ ಸಾರ್, ವಂಡಿಯಿಂದ ಇಳಿದ್ರಾ?"

"ಇಲ್ಲಪ್ಪ" ಎಂದರು ತಲೆಕೆಳಗಾಗಿಯೇ, "ಕಾಲು ನೋಡು, ಗಾಡಿಯಲ್ಲೇ ಇದೆ."

ಸ್ಟೆಪ್ನಿಗೂ ನ್ಯಾಯ

ಮರಳಿನಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಸಿಗುತ್ತದೆ ಎಂದಿದ್ದೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಹಿಂದೆ ನೇತುಹಾಕಿದ್ದ ಸ್ಟೆಪ್ನಿಯ ಗಾಳಿಯನ್ನೂ ಬಿಟ್ಟಿದ್ದರು, ಅದೂ ಪೂರ್ತಿ.

"ಇದು ನೆಲ ಮುಟ್ಟಲ್ಲವಲ್ಲ ಸಾರ್?"

"ಮುಟ್ಟೋ ದಿನ ಬಂದರೆ ತಯಾರಾಗಿರಲಿ."

ಅದೇ ಸಂಜೆ ಪಂಕ್ಚರಾಯಿತು. ಸ್ಟೆಪ್ನಿ ತಯಾರಾಗಿಯೇ ಇತ್ತು, ಚಪಾತಿಯ ಹಾಗೆ.

ಕೊನೆಯ ಪಾಠ

"ಇಳಿಜಾರಲ್ಲಿ ಲೋ ಗೇರು ಹಾಕಿ. ಬ್ರೇಕ್ ಮುಟ್ಟಲೇಬೇಡಿ. ಇಂಜಿನ್ನೇ ಹಿಡಿದುಕೊಳ್ಳುತ್ತೆ" ಎಂದು ಕಲಿಸಿದೆ. ಭಾನುವಾರ ಮುದಲಾಳಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ನೆರವಿಲ್ಲದೆ ಗುಡ್ಡದಿಂದ ರೆಸಾರ್ಟಿಗೆ ಜೀಪು ಇಳಿಸುವುದೆಂದಾಯಿತು. ಸರಿಯಾಗಿ ಇಳಿಸಿದರೆ ನಾನು ಮನೆಗೆ.

ಗೇಟಿನಲ್ಲಿ ನಿಂತು ನೋಡಿದೆ. ಬಹಳ ಚೆನ್ನಾಗಿ ಇಳಿಸಿದರು. ನನಗೆ ಅಳುವೇ ಬಂತು.

ಜೀಪು ಆಮೆಯ ಹಾಗೆ ಗೇಟು ದಾಟಿತು. ನಿಲ್ಲಲಿಲ್ಲ. ಬಟ್ಟೆ ಒಣಹಾಕಿದ್ದ ಹಗ್ಗವನ್ನು ಕಿತ್ತುಕೊಂಡು ಊಟದ ಚಪ್ಪರಕ್ಕೆ ನುಗ್ಗಿತು. ನುಗ್ಗಿತು ಅನ್ನುವುದು ದೊಡ್ಡ ಮಾತು. ಅತಿಥಿಗಳಿಗೆ ಇನ್ನೊಂದು ಸೌಟು ಸಾಂಬಾರು ಹಾಕಿಸಿಕೊಂಡು, ತಟ್ಟೆ ಹಿಡಿದು ಪಕ್ಕಕ್ಕೆ ಸರಿಯುವಷ್ಟು ಪುರುಸೊತ್ತಿತ್ತು.

ನಾನು ಜೊತೆಗೇ ನಡೆಯುತ್ತಾ, "ಸಾರ್, ಬ್ರೇಕ್" ಎಂದೆ.

"ಇಳಿಜಾರು ಇನ್ನೂ ಮುಗಿದಿಲ್ಲ" ಎಂದರು.

ಜೀಪು ಚಪ್ಪರದ ಆಚೆ ಹೊರಬಿದ್ದು, ನೀರಿನ ತೊಟ್ಟಿಗೆ ಮೂತಿ ಒತ್ತಿ, ಇಂಜಿನ್ ಆರಿ ನಿಂತಿತು.

"ನೋಡಿದೆಯಾ, ಒಂದು ಸಲವೂ ಮುಟ್ಟಲಿಲ್ಲ" ಎಂದರು ಮುದಲಾಳಿ.

ಅಮ್ಮಾವ್ರು ಮುಖದ ಮೇಲಿದ್ದ ಒದ್ದೆ ಪಂಚೆ ಸರಿಸಿ ನನ್ನ ಕಡೆ ತಿರುಗಿದರು.

"ನಾಳೆಯಿಂದ ಜೀಪು ನೀನೇ ಓಡಿಸು. ನನಗೂ ಕಲಿಸು. ಬ್ರೇಕಿಂದ ಶುರುಮಾಡು."