ಹತ್ತೊಂಬತ್ತನೇ ಅಧ್ಯಾಯದಲ್ಲಿ ಸತ್ತ ನಮ್ಮ ಹೊಲಿಗೆಯಮ್ಮ

ಮಾನ್ಯ ಕಾದಂಬರಿಕಾರರೇ, ರೋಚಕ ಸಾಹಿತ್ಯದ ಹೊಸ ಬೆಳಕೇ, ಅದೆಲ್ಲಕ್ಕಿಂತ ಮೊದಲು ನನ್ನ ಹೆಂಡತಿಯ ಒಬ್ಬನೇ ತಮ್ಮನವರೇ,

ತಾವು ಕ್ಷೇಮವೆಂದು ನಂಬಿ, ವಿಪರೀತ ಬೆನ್ನುನೋವಿನಿಂದ ತಮ್ಮ ಎರಡನೇ ಕಾದಂಬರಿ ತಡವಾಗುತ್ತಿದೆ ಎಂದು ಸಂದರ್ಶನವೊಂದರಲ್ಲಿ ಓದಿ ಮನಸಾರೆ ನೊಂದು, ಮನೆಗೆ ಬರೆದ ಪತ್ರಗಳನ್ನು ತಾವು ಒಡೆಯುವುದಿಲ್ಲವೆಂದು ಗೊತ್ತಿರುವುದರಿಂದ, ನಾಲ್ಕು ಜನ ಓದುವ ಪತ್ರಿಕೆಯಲ್ಲೇ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಹೋದ ವರ್ಷ ತಾವು, ಕೆಲಸ ಹೇಗೆ ನಡೆಯುತ್ತೆ ಅಂತ ಸುಮ್ಮನೆ ನೋಡ್ತೀನಿ ಭಾವ ಎಂದು ನಮ್ಮ ಹಾಸಿಗೆ ಕಾರ್ಖಾನೆಗೆ ಬಂದು, ಮೂರು ವಾರ ಬೀಡುಬಿಟ್ಟು, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಹಾಸಿಗೆಗಳ ಮೇಲೆ ದಿನಕ್ಕೊಂದರಂತೆ ಗೊರಕೆ ಹೊಡೆದು, ಎಚ್ಚರವಾದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಏನೋ ಗೀಚುತ್ತಿದ್ದಿರಿ. ಪಾಪ, ಓದಿದವರು, ಹತ್ತಿಯ ಬಗ್ಗೆ ಪ್ರಬಂಧ ಬರೆಯುತ್ತಿರಬೇಕು ಎಂದುಕೊಂಡೆ. ಬಂದದ್ದು ಮುನ್ನೂರ ಹನ್ನೆರಡು ಪುಟಗಳ ಕಾದಂಬರಿ. ಅದರಲ್ಲಿ ನನ್ನ ಕಿರುಗುಟ್ಟುವ ಕುರ್ಚಿ, ನನ್ನ ಕೆಮ್ಮು, ನನ್ನ ಎಡಗಿವಿಯ ಕೆಳಗಿನ ಮಚ್ಚೆ ಎಲ್ಲವನ್ನೂ ಹೊತ್ತ ಹಾಸಿಗೆ ಉದ್ಯಮಿಯೊಬ್ಬ ಮಂತ್ರಿಯನ್ನು ಕಿರುಬೆರಳಲ್ಲಿ ಆಡಿಸುತ್ತಾನೆ, ಹಾಸಿಗೆಯೊಳಗೆ ಪಿಸ್ತೂಲು ಇಟ್ಟು ಹೊಲಿಸಿ ಗಡಿ ದಾಟಿಸುತ್ತಾನೆ, ಅಡ್ಡ ಬಂದವರನ್ನು ತನ್ನದೇ ಕಾರ್ಖಾನೆಯ ದಿಂಬಿನಿಂದ ಮುಗಿಸುತ್ತಾನೆ. ನನಗೂ ಅಧಿಕಾರಕ್ಕೂ ಇರುವ ನಂಟೆಂದರೆ, ಕಾರ್ಖಾನೆಯ ಬೋರ್ಡನ್ನು ಎರಡಡಿ ಅಗಲ ಮಾಡಲು ಅನುಮತಿ ಕೇಳಿ ಕಚೇರಿಯ ಬೆಂಚಿನ ಮೇಲೆ ನಾಲ್ಕು ದಿನ ಕೂತದ್ದು. ಅಪರಾಧದ ಜೊತೆಗಿನ ನಂಟೆಂದರೆ, ಅಲ್ಲಿನ ಗುಮಾಸ್ತರ ಪೆನ್ನನ್ನು ಮರೆತು ಜೇಬಿಗೆ ಸಿಕ್ಕಿಸಿಕೊಂಡು ಬಂದದ್ದು.

ಆದರೂ ತಮ್ಮ ಉಪಕಾರ ಮರೆಯುವಂಥದ್ದಲ್ಲ. ಪುಸ್ತಕ ಬಂದ ಮೇಲೆ ವಿದ್ಯುತ್ ಕಚೇರಿಯವರು ಮೊದಲ ರಿಂಗಿಗೇ ಫೋನ್ ಎತ್ತುತ್ತಾರೆ. ನಮ್ಮ ಗೇಟಿಗೆ ಅಡ್ಡ ವ್ಯಾನ್ ನಿಲ್ಲಿಸುತ್ತಿದ್ದ ಪಕ್ಕದ ಬಣ್ಣದಂಗಡಿಯವರು, ನಾನು ಕೆಮ್ಮಿದರೆ ಸಾಕು, ಎದ್ದೆವೋ ಬಿದ್ದೆವೋ ಎಂದು ಓಡಿಬಂದು ತೆಗೆಯುತ್ತಾರೆ. ಸುಳ್ಳೇಕೆ ಹೇಳಲಿ, ಒಂದು ವಾರ ಹಿತವಾಗಿಯೇ ಇತ್ತು. ಕಪ್ಪು ಕನ್ನಡಕವನ್ನೂ ಕೊಂಡೆ, ತಮ್ಮ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಕ್ಕೆ ತೆಗೆದಿಟ್ಟೆ.

ಇನ್ನು ದೂರು. ನಮ್ಮ ಹೊಲಿಗೆಯಮ್ಮ ತಮಗೆ ಗೊತ್ತು. ನಮ್ಮಪ್ಪನ ಕಾಲದಿಂದ ದಬ್ಬಣ ಹಿಡಿದು ಹಾಸಿಗೆಯ ಮೂಲೆಗಳನ್ನು ಹೊಲಿದವರು, ನನಗೆ ಐವತ್ತು ದಾಟಿದ್ದರೂ ಹತ್ತು ಜನರ ಮುಂದೆ ಲೋ ಪುಟ್ಟ, ಹತ್ತಿ ಮೇಲೆ ಕೂರಬೇಡ್ವೋ ಎಂದು ಗದರುವವರು. ತಾವು ಅವರನ್ನೂ ಪುಸ್ತಕಕ್ಕೆ ಎಳೆದುಕೊಂಡು, ಯಜಮಾನನ ಗುಟ್ಟು ಬಲ್ಲವಳೆಂಬ ಒಂದೇ ಕಾರಣಕ್ಕೆ ಹತ್ತೊಂಬತ್ತನೇ ಅಧ್ಯಾಯದಲ್ಲಿ ಯಜಮಾನನ ಕೈಯಿಂದಲೇ ಕೊಲ್ಲಿಸಿದಿರಿ. ಅವರ ಸೊಸೆ ದಿನಕ್ಕೊಂದು ಅಧ್ಯಾಯ ಓದಿ ಹೇಳುತ್ತಿದ್ದಳಂತೆ. ಹತ್ತನೆಯದರ ಹೊತ್ತಿಗೆ ಅವರು ನನ್ನನ್ನು ಯಜಮಾನರೇ ಎನ್ನತೊಡಗಿದರು. ಹದಿನೈದರ ಹೊತ್ತಿಗೆ ನಾನು ಒಳಗೆ ಬಂದರೆ ಎದ್ದು ನಿಲ್ಲತೊಡಗಿದರು. ಹತ್ತೊಂಬತ್ತು ಮುಗಿದ ಮರುದಿನ ಮಂಡಿನೋವೆಂದು ಹೇಳಿಕಳಿಸಿ, ಇಷ್ಟು ವರ್ಷ ಯಾರಿಗೂ ಮುಟ್ಟಗೊಡದ ದಬ್ಬಣವನ್ನು ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟುಕಳಿಸಿದರು. ಅವರ ಮನೆಗೇ ಹೋದೆ. ಅರ್ಧ ಬಾಗಿಲು ತೆರೆದರು, ಕುರ್ಚಿ ಹಾಕಿದರು, ಅವರು ಮಾತ್ರ ಗೋಡೆಗೆ ಅಂಟಿಕೊಂಡು ನಿಂತು, ನಾನು ಯಾರ ಹತ್ರಾನೂ ಏನೂ ಹೇಳಿಲ್ಲ ಯಜಮಾನರೇ ಎಂದರು. ಕಾದಂಬರಿಕಾರರೇ, ನನ್ನಮ್ಮ ಹೋದ ಮೇಲೆ ನನ್ನನ್ನು ಬೈಯುವವರು ಅಂತ ಇದ್ದದ್ದು ಅವರೊಬ್ಬರೇ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಎರಡನೇ ಮುದ್ರಣದಲ್ಲಿ ಅವರನ್ನು ಬದುಕಿಸಿ, ಸ್ಮಶಾನದಿಂದ ನೇರವಾಗಿ ಕೆಲಸಕ್ಕೆ ಕರೆತಂದು, ಮಂತ್ರಿಗಳ ಎದುರೇ ಯಜಮಾನನ ಕಿವಿ ಹಿಂಡಿಸಬೇಕು. ಈಗಾಗಲೇ ಮಾರಾಟವಾಗಿರುವ ಪ್ರತಿಗಳಿರುವ ಮನೆಮನೆಗೂ ತಾವೇ ಹೋಗಿ ಹತ್ತೊಂಬತ್ತನೇ ಅಧ್ಯಾಯವನ್ನು ಯಾರೂ ತೆರೆಯದಂತೆ ಹೊಲಿದು ಬರಬೇಕು. ದಾರ ನಾನು ಕೊಡುತ್ತೇನೆ. ಮಚ್ಚೆಯನ್ನು ಬಲಗಿವಿಗೆ ಸಾಗಿಸಿದರೆ ಇನ್ನೂ ಸಂತೋಷ.

ಇದ್ಯಾವುದೂ ಆಗದಿದ್ದರೆ, ಆ ಕೊಲೆಗೆ ಕಾರಣವಾದ ಗುಟ್ಟನ್ನು ನಾನೇ ಹೊರಗೆ ಹಾಕುತ್ತೇನೆ. ಊರಿಗೆಲ್ಲ ಗೊತ್ತಾದ ಗುಟ್ಟಿಗಾಗಿ ಯಾರನ್ನೂ ಕೊಲ್ಲಬೇಕಾಗಿಲ್ಲವಲ್ಲ. ಹೊಲಿಗೆಯಮ್ಮನಿಗೆ ಯಜಮಾನನ ಗುಟ್ಟೊಂದು ಗೊತ್ತು ಎಂದು ತಾವು ಅಡುಗೆಮನೆಯಲ್ಲಿ ಅಕ್ಕನ ಬಾಯಿಂದ ಕೇಳಿದ್ದು ನಿಜ. ಆ ಗುಟ್ಟು ಇಷ್ಟೇ: ಹಾಸಿಗೆ ಕಾರ್ಖಾನೆಯ ಯಜಮಾನನಾದ ನನಗೆ ಹಾಸಿಗೆಯ ಮೂಲೆ ನೆಟ್ಟಗೆ ಹೊಲಿಯಲು ಬರುವುದಿಲ್ಲ. ಕೆಲಸ ಹೆಚ್ಚಾದಾಗ ನಾನೂ ಕೂತು ಹೊಲಿದದ್ದನ್ನು, ನಾನು ಆ ಕಡೆ ಹೋದೊಡನೆ ಅವರು ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಮರುದಿನ ನಾನು ಅದನ್ನು ನನ್ನ ಕೈಚಳಕವೆಂದು ಎಲ್ಲರಿಗೂ ತೋರಿಸುತ್ತೇನೆ. ಅವರು ತುಟಿ ಪಿಟಕ್ಕೆನ್ನುವುದಿಲ್ಲ. ಅಮ್ಮಾ, ಸೊಸೆ ಇದನ್ನು ಓದಿ ಹೇಳುತ್ತಿದ್ದರೆ ಕೇಳಿಸಿಕೊಳ್ಳಿ, ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ. ಸೋಮವಾರ ಕೆಲಸಕ್ಕೆ ಬನ್ನಿ.

ಇದುವರೆಗೆ ಯಾರನ್ನೂ ಕೊಲ್ಲದ,
ತಮ್ಮ ವಿಶ್ವಾಸಿ,
ಭಾವ

ತಾ.ಕ.: ಅಚ್ಚಿಗೆ ಕಳಿಸುವ ಮುನ್ನ ತಡೆಯಲಾರದೆ ಪತ್ರವನ್ನು ಸೊಸೆಯ ಕೈಗೆ ಕೊಟ್ಟು ಅವರಿಗೆ ಓದಿಸಿದೆ. ಎಷ್ಟು ಸೊಟ್ಟ ಅಂತ ಬರೆದೇ ಇಲ್ವಲ್ಲೋ ಪುಟ್ಟ ಎಂದು ಬೈದು, ದಬ್ಬಣ ಈಸಿಕೊಂಡರು. ಅಂದಹಾಗೆ, ತಮ್ಮ ಬೆನ್ನು ಈಗ ಹೇಗಿದೆ? ತಾವು ಹೊರಡುವಾಗ ಬಹಳ ಮೆಚ್ಚಿ ಹೊತ್ತೊಯ್ದ ಹಾಸಿಗೆಯ ನಾಲ್ಕು ಮೂಲೆಗಳನ್ನೂ ಹೊಲಿದವನು ನಾನೇ. ಅದೊಂದನ್ನು ಬಿಚ್ಚಿ ಹೊಲಿಯಲು ಅವರಿಗೆ ಪುರುಸೊತ್ತಾಗಿರಲಿಲ್ಲವಂತೆ.