ಮ್ಜೆಯ ಟೋಪಿ, ಅಮ್ಮನ ನಿಂಬೆಹಣ್ಣು

ಬಾಯಿ ಬಿಡದೆ ಮೂಲೆಯಲ್ಲಿ ನಿಲ್ಲುವವರ ಕಣ್ಣೆದುರೇ ಲೋಕದ ಅರ್ಧ ತಮಾಷೆ ನಡೆಯುತ್ತದೆ. ಉಳಿದರ್ಧ ಅವರಿಗೇ ಆಗುತ್ತದೆ. ನನ್ನ ಪಾಲಿಗೆ ಎರಡೂ ಬಂದದ್ದು ನೈರೋಬಿಯಲ್ಲಿ, ಮೊಂಬಾಸಾ ರಸ್ತೆ ಪಕ್ಕದ ಒಂದು ಮಷಿನ್ ಯಾರ್ಡಿನಲ್ಲಿ.

ಅಪ್ಪ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರು, ಮನೆ ಸೌತ್ ಸಿ ಅನ್ನೋ ಬಡಾವಣೆಯಲ್ಲಿ, ನಾನು ಅಲ್ಲೇ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೆ. ಕೋರ್ಸಿನ ಭಾಗವಾಗಿ ಮಣ್ಣು ತೋಡುವ ಎಕ್ಸ್‌ಕವೇಟರ್ ನಡೆಸಲು ಕಲಿಯಬೇಕಿತ್ತು. ಹೊರದೇಶದ ವಿದ್ಯಾರ್ಥಿ ಅಂತ ನನಗೆ ಅದಕ್ಕೆ ಪ್ರತ್ಯೇಕ ತರಬೇತಿ ಪರವಾನಗಿ ಮಾಡಿಸಿದ್ದರು. ಅದು ಮುಗಿಯುವುದರೊಳಗೆ ನಮ್ಮ ಗುರುಗಳು "ಇವಳು ಒಬ್ಬಳೇ ಓಡಿಸಬಲ್ಲಳು" ಅನ್ನಬೇಕು. ಅನ್ನದಿದ್ದರೆ ಒಂದು ವರ್ಷ ಮಣ್ಣುಪಾಲು, ಅದೂ ಆ ಯಾರ್ಡಿನ ಅಂಟು ಕಪ್ಪು ಮಣ್ಣು.

ಗುರುಗಳನ್ನು ಎಲ್ಲರೂ ಮ್ಜೆ ಅನ್ನುತ್ತಿದ್ದರು, ನಮ್ಮಲ್ಲಿ ಯಜಮಾನರು ಅಂದ ಹಾಗೆ. ನನ್ನ ಜೊತೆ ಕಲಿಯಲು ದಕ್ಷಿಣ ಸುಡಾನಿನ ಒಬ್ಬ ಹುಡುಗನಿದ್ದ, ಅವನದೂ ನನ್ನಂಥದೇ ಪರವಾನಗಿ. ಆಳು ಎಷ್ಟು ಉದ್ದ ಅಂದರೆ, ಕ್ಯಾಬಿನ್ನಿನಲ್ಲಿ ಕೂತರೆ ಮಂಡಿ ಬಂದು ಗಲ್ಲಕ್ಕೆ ತಾಗುತ್ತಿತ್ತು.

ಟೋಪಿ

ಮ್ಜೆಯದು ಒಂದೇ ವೇದವಾಕ್ಯ. ಯಂತ್ರ ಹತ್ತುವ ಮುಂಚೆ ಸುತ್ತ ಒಂದು ಸುತ್ತು ಬರಬೇಕು, ಬಗ್ಗಿ, ಚಕ್ರದ ಬದಲು ಅದಕ್ಕಿರುವ ಕಬ್ಬಿಣದ ಚೈನಿನ ಕೆಳಗೆ ನೋಡಬೇಕು. ಹುಲ್ಲುಕಡ್ಡಿ ಬಿಟ್ಟು ಇನ್ನೇನಿದ್ದರೂ ತೆಗೆದ ಮೇಲೇ ಸ್ಟಾರ್ಟು.

ನಾವು ನಿಜವಾಗಿ ನೋಡುತ್ತೇವೋ ಇಲ್ಲವೋ ಅಂತ ಪರೀಕ್ಷಿಸಲು ಅವರು ತಮ್ಮ ಹಳೇ ಬಟ್ಟೆ ಟೋಪಿಯನ್ನು ಚೈನಿನ ಕೆಳಗೆ ತುರುಕಿ ಹೋಗುತ್ತಿದ್ದರು. ಮೊದಲ ವಾರವೇ ನಮ್ಮ ಉದ್ದನೆಯ ಹುಡುಗ ಸುತ್ತು ಬಂದ, ಆದರೆ ಬಗ್ಗಲಿಲ್ಲ. ಅಷ್ಟು ಎತ್ತರದಿಂದ ಬಗ್ಗುವುದು ಅಂದರೆ ಅದೇ ಒಂದು ಪ್ರಯಾಣ. ಟೋಪಿ ದೋಸೆಯಾಯಿತು.

ಮ್ಜೆ ಬೈಯಲಿಲ್ಲ. ಟೋಪಿಯನ್ನು ಕೊಡವಿ ಅವನ ಕೈಗೆ ಕೊಟ್ಟರು. "ತುಳಿದವರು ಸಂಜೆ ತನಕ ಹಾಕ್ಕೊಂಡಿರಬೇಕು. ಇದು ಯಾರ್ಡಿನ ಕಾನೂನು."

ಚೈನಿನ ಅಚ್ಚು ಮೂಡಿದ ಟೋಪಿಯಲ್ಲೇ ಅವನು ಮನೆಗೆ ಹೋಗುವ ಮಟಾಟು ವ್ಯಾನ್ ಹತ್ತಿದ. ಮರುದಿನ ಬಂದು ಹೇಳಿದ, "ಕಂಡಕ್ಟರ್ ನನಗೆ ಎದ್ದು ಸೀಟ್ ಬಿಟ್ಟುಕೊಟ್ಟ. ಆಕ್ಸಿಡೆಂಟ್ ಆಗಿ ಬದುಕಿ ಬಂದವನು ಅಂದ್ಕೊಂಡನಂತೆ."

ಎಕ್ಸ್‌ಕ್ಯೂಸ್ ಮಿ

ನನ್ನ ತೊಂದರೆ ಟೋಪಿಯಲ್ಲ, ಹಾರನ್ನು. ಯಂತ್ರ ಹಿಂದಕ್ಕೆ ತೆಗೆಯುವ ಮುಂಚೆ ಜೋರಾಗಿ ಹಾರನ್ ಹೊಡೆಯಬೇಕು. ನನಗೋ ಹಾಗೆ ಹೊಡೆದರೆ ಯಾರ ಮೇಲೋ ರೇಗಿದ ಹಾಗೆ ಅನ್ನಿಸುತ್ತಿತ್ತು. "ಸಾಫ್ಟ್ಲಿ, ಗರ್ಲ್ಸ್, ಸಾಫ್ಟ್ಲಿ" ಅಂತ ಹನ್ನೆರಡನೇ ಕ್ಲಾಸಿನ ತನಕ ಟೀಚರ್‌ಗಳು ಹೇಳಿ ಬೆಳೆಸಿದ ಗಂಟಲು ನನ್ನದು.

ಒಮ್ಮೆ ವೆಲ್ಡರ್ ಒಬ್ಬ ಯಂತ್ರದ ಹಿಂದೆ ನಿಂತು ಮಂದಾಜಿ, ಅಂದರೆ ಅಲ್ಲಿನ ಕರಿದ ಸಿಹಿ ಬನ್ನು, ತಿನ್ನುತ್ತಿದ್ದ. ನಾನು ಇಂಜಿನ್ ಆಫ್ ಮಾಡಿ, ಬಾಗಿಲು ತೆಗೆದು, ಮೆಟ್ಟಿಲಿಳಿದು, ಅವನ ಹತ್ತಿರ ಹೋಗಿ, "ಎಕ್ಸ್‌ಕ್ಯೂಸ್ ಮಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಅಂದೆ. ಅವನು ಗಾಬರಿಯಿಂದ ನನಗೂ ಒಂದು ಮಂದಾಜಿ ಕೊಟ್ಟ.

ಮ್ಜೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. "ಬಿಂಟಿ," ಅಂದರು. ಅಂದರೆ ಮಗಳೇ ಅಂತ. "ಪರೀಕ್ಷೆ ದಿನ ಹಾರನ್ ಕೇಳದಿದ್ದರೆ ಪಾಸಿಲ್ಲ. ಎಲ್ಲಾ ಸರಿ ಮಾಡ್ತೀಯ, ಆದರೆ ನೀನು ಇದ್ದೀಯ ಅಂತ ಯಾರಿಗೂ ಗೊತ್ತಾಗಲ್ಲ."

ನಾನು ತಲೆಯಾಡಿಸಿದೆ. ನನ್ನ ಕೈಯಲ್ಲಿದ್ದ ಮಂದಾಜಿ ನೋಡಿ ಮ್ಜೆ ಕೇಳಿದರು, "ಇಳಿದು ಹೋಗಿ ಕೇಳಿದ್ದಕ್ಕೆ ಒಂದು ಸಿಕ್ಕಿತು. ಹಾರನ್ ಹೊಡೆದಿದ್ದರೆ ಪೊಟ್ಟಣವನ್ನೇ ಬಿಟ್ಟು ಓಡುತ್ತಿದ್ದ, ಅಲ್ವಾ?"

ಕಾರು ಬರುತ್ತಾ?

ಆ ವರ್ಷ ಲ್ಯಾವಿಂಗ್ಟನ್ನಿನ ಒಂದು ಮನೆಯಲ್ಲಿ ಕನ್ನಡದವರೆಲ್ಲ ಯುಗಾದಿ ಊಟಕ್ಕೆ ಸೇರಿದ್ದೆವು. ಟೆಲಿಕಾಂನಲ್ಲಿದ್ದ ಮಗನಿಗೆ ಹುಡುಗಿ ಹುಡುಕುತ್ತಿದ್ದ ಆಂಟಿಯೊಬ್ಬರು ಹೋಳಿಗೆ ಬಡಿಸುತ್ತಾ ವಿಚಾರಣೆ ಶುರು ಮಾಡಿದರು.

"ಏನು ಮಾಡ್ಕೊಂಡಿದೀಯಮ್ಮಾ?"

ನಾನು ಬಾಯಿ ತೆಗೆಯುವುದರೊಳಗೆ ಅಮ್ಮ, "ಟ್ರೈನಿಂಗ್. ಕನ್‌ಸ್ಟ್ರಕ್ಷನ್ ಕಂಪನಿಲಿ," ಅಂದಳು. ಕಣ್ಣಲ್ಲೇ ನನಗೆ ಸುಮ್ಮನಿರು ಅಂದಳು.

"ಒಳ್ಳೇದು. ಕಾರು ಓಡಿಸೋಕೆ ಬರುತ್ತಾ? ನಮ್ಮನೆ ಸ್ವಲ್ಪ ದೂರ ನೋಡು."

"ಇಲ್ಲ ಆಂಟಿ," ಅಂದೆ. ಅದು ನಿಜವೇ. ನನಗೆ ಆಗ ಸೈಕಲ್ಲೂ ಬರುತ್ತಿರಲಿಲ್ಲ.

ಆಂಟಿಯ ಮುಖ ಸಪ್ಪಗಾಯಿತು. ಮಗಳ ಮರ್ಯಾದೆ ಉಳಿಸಲು ಅಪ್ಪ ಪಕ್ಕದ ಎಲೆಯಿಂದ ಕತ್ತೆತ್ತಿದರು. "ಕಾರು ಓಡಿಸೋಕೆ ಬರಲ್ಲ ಕಣ್ರೀ. ಕಾರು ಅಡ್ಡ ಇದ್ದರೆ ಎತ್ತಿ ಆಕಡೆ ಇಡೋಕೆ ಬರುತ್ತೆ."

ಎರಡನೇ ಹೋಳಿಗೆ ನನ್ನ ಎಲೆಗೆ ಬರಲೇ ಇಲ್ಲ.

ನಿಂಬೆಹಣ್ಣು

ಪರೀಕ್ಷೆಯ ದಿನ ಬಂತು. ಪರವಾನಗಿ ಮುಗಿಯಲು ಕೆಲವೇ ದಿನ ಉಳಿದಿದ್ದವು, ಇನ್ನೊಂದು ಅವಕಾಶವಿರಲಿಲ್ಲ. ಹಿಂದಿನ ಸಂಜೆ ಅಮ್ಮ, "ಮೊದಲನೇ ಸಲ ಒಬ್ಬಳೇ ಗಾಡಿ ಓಡಿಸ್ತೀಯ. ನಿಂಬೆಹಣ್ಣು ಇಡದೆ ಹೇಗೆ?" ಅಂದಳು.

"ಬೇಡಮ್ಮಾ, ಪ್ಲೀಸ್. ಅಲ್ಲಿ ಕೆಳಗೆ ಏನೂ ಇರಬಾರದು."

ಅಮ್ಮ ಸುಮ್ಮನಾದಳು. ಅಮ್ಮ ಅಷ್ಟು ಬೇಗ ಸುಮ್ಮನಾದಾಗಲೇ ನನಗೆ ಅನುಮಾನ ಬರಬೇಕಿತ್ತು.

ಬೆಳಿಗ್ಗೆ ಮ್ಜೆಯ ಜೊತೆ ಶೆಡ್ಡಿನಲ್ಲಿ ಚಾಯ್ ಕುಡಿದು ಈಚೆ ಬಂದರೆ ಅಪ್ಪ ಅಮ್ಮ ಬೇಲಿ ಪಕ್ಕ ನಿಂತಿದ್ದಾರೆ. "ನೀನು ಊಟದ ಡಬ್ಬಿ ಬಿಟ್ಟು ಬಂದಿದ್ದೆ ನೋಡು," ಅಂತ ಅಮ್ಮ ನಕ್ಕಳು. ಅಪ್ಪ ನನ್ನ ಮುಖ ನೋಡಲಿಲ್ಲ.

ನಾನು ಯಂತ್ರದ ಸುತ್ತು ಹೊರಟೆ. "ನೋಡ್ರೀ, ಹೇಳಿಕೊಡದೆ ಪ್ರದಕ್ಷಿಣೆ ಹಾಕ್ತಾಳೆ," ಅಂತ ಅಮ್ಮ ಅಪ್ಪನಿಗೆ ಹೇಳಿದ್ದು ಕೇಳಿಸಿತು. ಬಗ್ಗಿ ನೋಡಿದೆ. ಆ ಚೈನಿಗೊಂದು, ಈ ಚೈನಿಗೊಂದು, ಕುಂಕುಮ ಹಚ್ಚಿದ ನಿಂಬೆಹಣ್ಣು.

ಅವುಗಳ ಮೇಲೆ ಯಂತ್ರ ಹತ್ತಿಸಿದರೆ ಮ್ಜೆ ಫೇಲು ಮಾಡುತ್ತಾರೆ. ತೆಗೆದು ಬಿಸಾಡಿದರೆ ಅಮ್ಮನಿಗೆ ಅಪಶಕುನ; ಆಗಲೇ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಾಳೆ. ಅಷ್ಟರಲ್ಲಿ ನನ್ನ ಗಂಟಲಿನಿಂದ ಏನೋ ಹೊರಟಿತು, ನನ್ನದೇ ಅಂತ ನನಗೇ ಗುರುತು ಸಿಗಲಿಲ್ಲ.

"ಅಮ್ಮಾ! ಇಟ್ಟವಳು ನೀನೇ, ಬಂದು ನೀನೇ ತೆಗಿ! ಈಗಲೇ!"

ವೆಲ್ಡರ್ ಮುಖದ ಕವಚ ಎತ್ತಿ ನೋಡಿದ. ಅಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದು, ಎರಡೂ ನಿಂಬೆಹಣ್ಣು ಎತ್ತಿಕೊಂಡು, ಗಾಡಿಗಳು ನಿಂತಿದ್ದ ಕಡೆ ಹೋದಳು.

ನಾನು ಹತ್ತಿ ಕೂತು ಹಾರನ್ ಒತ್ತಿದೆ. ಕೈ ತೆಗೆಯಲು ಮನಸ್ಸೇ ಬರಲಿಲ್ಲ. ಗುಂಡಿ ತೋಡಿದೆ, ಲಾರಿ ತುಂಬಿದೆ, ಬಕೆಟ್ ಮೆತ್ತಗೆ ನೆಲಕ್ಕೆ ಇಳಿಸಿ ಆಫ್ ಮಾಡಿದೆ.

ಮ್ಜೆ ಹತ್ತಿರ ಬಂದರು. "ಸವಾ, ಸರಿ, ಬಿಂಟಿ. ಹಾರನ್ನಿಗೆ ಕಾದಿದ್ದೆ, ಅದಕ್ಕಿಂತ ದೊಡ್ಡದೇ ಕೇಳಿಸಿತು. ಪಾಸು."

ಎಲ್ಲರೂ ಚಪ್ಪಾಳೆ ಹೊಡೆದರು. ಮ್ಜೆ ಖುಷಿಯಿಂದ ಕೈಬೀಸುತ್ತಾ ಹೆಡ್ಡಾಫೀಸಿಗೆ ಸುದ್ದಿ ಹೇಳಿ ಬರುತ್ತೇನೆಂದು ತಮ್ಮ ಪಿಕಪ್ ಹತ್ತಿ ಗೇರ್ ಹಾಕಿದರು.

ಪಚಕ್. ಇನ್ನೊಂದು ಪಚಕ್.

ಗಾಡಿ ನಿಂತಿತು. ಮ್ಜೆ ನಿಧಾನವಾಗಿ ಇಳಿದು ಮುಂದಿನ ಟೈರುಗಳ ಕೆಳಗೆ ನೋಡಿದರು. ರಸ, ಬೀಜ, ಕುಂಕುಮ.

ಅಮ್ಮನಿಗೆ ಒಂಚೂರೂ ಸಂಕೋಚವಿಲ್ಲ. "ಪೂಜೆ ಮಾಡಿದ್ದನ್ನ ವಾಪಸ್ ಮನೆಗೆ ತಗೊಂಡು ಹೋಗೋಕಾಗುತ್ತಾ? ಗುರುಗಳ ಗಾಡಿ, ಒಳ್ಳೇದೇ ಆಗುತ್ತೆ."

ನಮ್ಮ ಉದ್ದನೆಯ ಹುಡುಗ ನೆಟ್ಟಗೆ ಶೆಡ್ಡಿಗೆ ಹೋದ. ಗೋಡೆಯ ಮೊಳೆಯಿಂದ ಆ ದೋಸೆ ಟೋಪಿ ತಂದ. ಅಷ್ಟೆತ್ತರದಿಂದ, ಆ ದಿನಗಳಲ್ಲಿ ನಾನು ಕಂಡಂತೆ ಮೊದಲ ಸಲ, ಪೂರ್ತಿ ಬಗ್ಗಿ ಅದನ್ನು ಮ್ಜೆಯ ತಲೆ ಮೇಲಿಟ್ಟ.

ಮ್ಜೆ ಸಂಜೆ ತನಕ ಅದನ್ನು ತೆಗೆಯಲಿಲ್ಲ. ಕಾನೂನು ಅಂದರೆ ಕಾನೂನು. ಅವತ್ತಿನ ಫೋಟೋ ಇವತ್ತಿಗೂ ನನ್ನ ಹತ್ತಿರ ಇದೆ. ಚೈನಿನ ಅಚ್ಚಿನ ಟೋಪಿಯಲ್ಲಿ ಮ್ಜೆ, ಪಕ್ಕದಲ್ಲಿ ನಾನು, ಆ ಕಡೆ ಅಮ್ಮ. ಫೋಟೋ ತೆಗೆಯುವಾಗ ಅವಳು ಅಪ್ಪನ ಕಡೆ ವಾಲಿ ಪಿಸುಗುಟ್ಟಿದ್ದು ನನಗಿನ್ನೂ ಕೇಳಿಸುತ್ತದೆ:

"ಎರಡೂ ಪಚಕ್ ಅಂತ ಹೇಗೆ ಒಡೆದವು ನೋಡಿದ್ರಾ? ಪಾಪ, ದೃಷ್ಟಿ ಆಗಿದ್ದು ಅವರಿಗೆ!"