ಹತ್ತು ವಾಕ್ಯಗಳ ಒಂಟಿ ಮನುಷ್ಯ

ತೊಂದರೆ ಶುರುವಾದದ್ದು ಒಂದು ಹಾಳೆಯಿಂದ. ಅದರ ಮೇಲೆ ‘ನಾನು’ ಎಂಬ ಪದ ಒಂದರ ಕೆಳಗೊಂದರಂತೆ ಹತ್ತು ಸಲ ಅಚ್ಚಾಗಿತ್ತು, ಮುಂದೆಲ್ಲ ಖಾಲಿ.

ಥರ್ಮಾಮೀಟರ್ ಕಾರ್ಖಾನೆಯಲ್ಲಿ ಗಾಜಿನ ಕೊಳವೆಗಳ ಮೇಲೆ ಡಿಗ್ರಿಯ ಗೆರೆ ಎಳೆಯುವವನನ್ನು ಎಲ್ಲರೂ ಗೀಟಣ್ಣ ಎನ್ನುತ್ತಿದ್ದರು. ಹದಿನಾಲ್ಕು ವರ್ಷಗಳಲ್ಲಿ ಅವನ ಒಂದು ಗೀಟೂ ಕೂದಲೆಳೆಯಷ್ಟು ಸರಿದಿರಲಿಲ್ಲ. ಆ ಬೆಳಿಗ್ಗೆ ಮಾತ್ರ ಎರಡು ಗೀಟು ಓರೆಯಾಗಿದ್ದವು. ತಪಾಸಣೆ ಕೋಣೆಯ ಹುದ್ದೆ ತೆರವಾಗಿತ್ತು. ನಾಲ್ಕು ಜನರ ಮೈಬಿಸಿ ಸೇರಿದರೆ ಅಳತೆ ಕೆಡುತ್ತದೆಂದು ಆ ಕೋಣೆಗೆ ಒಬ್ಬರಿಗೇ ಪ್ರವೇಶ. ಒಂದು ಮೇಜು, ಒಂದು ಕುರ್ಚಿ, ಒಳಗಡೆಯಿಂದ ಚಿಲಕ. ಗೀಟಣ್ಣನ ಮನೆಯಲ್ಲಿ ಮೂರು ಕೋಣೆ, ಹನ್ನೊಂದು ಜನ. ಸ್ನಾನ ಮಾಡುವಾಗಲೂ ಹೊರಗಿನಿಂದ ಬರುವ “ಆಯ್ತೇನೋ?” ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಲೇ ಸೋಪು ಹಚ್ಚಿಕೊಳ್ಳುವ ಅವನಿಗೆ ಆ ಚಿಲಕ ಕನಸಿನಲ್ಲೂ ಬರುತ್ತಿತ್ತು.

ಆಯ್ಕೆ ಮಾಡಲು ಮನಶ್ಶಾಸ್ತ್ರ ಓದಿದ ಮೇಡಂ ಒಬ್ಬರು ಬಂದಿದ್ದರು.

“ನೀವು ಯಾರು ಅಂತ ಹತ್ತು ವಾಕ್ಯ ಬರೀರಿ. ಮೂರು ಗಂಟೆಗೆ ಕೊಡಿ, ಅಷ್ಟೇ,” ಎಂದರು.

ಇದೇನು ಮಹಾ ಎಂದು ಗೀಟಣ್ಣ ಸರಸರನೆ ಬರೆದ. ನಾನು ದೊಡ್ಡಮ್ಮ ಸಾಕಿದ ಮಗ. ನಾನು ಅಣ್ಣನಿಗೆ ತಮ್ಮ. ನಾನು ಅತ್ತಿಗೆಯ ಮೈದುನ.

ಮೇಡಂ ಇಣುಕಿ ನೋಡಿ ಮೂರನ್ನೂ ಹೊಡೆದುಹಾಕಿದರು. “ಇದು ನಿಮ್ಮನೆಯವರ ಪಟ್ಟಿ ಆಯ್ತು. ಬೇರೆ ಯಾರೂ ಬರಬಾರದು. ಅವರನ್ನೆಲ್ಲ ತೆಗೆದುಬಿಟ್ರೆ ಉಳಿಯೋದೇನು?”

ಗೀಟಣ್ಣ ತನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡ. “ಈ ಅಂಗಿ, ಮೇಡಂ,” ಎಂದ. ಮತ್ತೆ ತಡವರಿಸಿ, “ಅಲ್ಲ, ಇದೂ ಅಣ್ಣಂದೇ.”

ಮೇಡಂ ಹೊಸ ಹಾಳೆ ಕೊಟ್ಟು ಹೋದರು. ಒಂದು ಗಂಟೆಯಾದರೂ ಅದು ತೊಳೆದಿಟ್ಟ ತಟ್ಟೆಯಂತೆ ಬೆಳ್ಳಗೇ ಇತ್ತು.

ಪಕ್ಕದಲ್ಲಿ ಗಾಜು ಊದುತ್ತಿದ್ದವನು ಕೆನ್ನೆ ಇಳಿಸಿಕೊಂಡು, “ಪುಕ್ಕಲ ಅಂತ ಬರಿಯೋ, ಒಂದಾದ್ರೂ ಆಗುತ್ತೆ,” ಎಂದ.

“ಸುಮ್ನಿರು ನೀನು,” ಎಂದು ಸ್ಟೋರು ನೋಡಿಕೊಳ್ಳುವ ಅಕ್ಕ ಅವನನ್ನು ಗದರಿ ಗೀಟಣ್ಣನ ಕಡೆ ತಿರುಗಿದಳು. “ಮನೆಗೆ ಹೋಗಿ ಕೇಳ್ಕೊಂಡು ಬಾಪ್ಪಾ. ನೀನು ಯಾರು ಅಂತ ನಿಂಗೊಬ್ಬನಿಗೇ ಹೇಗೆ ಗೊತ್ತಿರುತ್ತೆ?”

ಮಾತು ಸರಿಯೆನಿಸಿತು. ಊಟದ ಬಿಡುವಿನಲ್ಲಿ ಮನೆಗೆ ಓಡಿದ.

ದೊಡ್ಡಮ್ಮ ಸಭೆ ಸೇರಿಸಿದರು. “ಬರ್ಕೋ. ನಾನು ಬದನೆಕಾಯಿ ತಿನ್ನುವುದಿಲ್ಲ.”

“ನಂಗೆ ಬದನೆಕಾಯಿ ಇಷ್ಟ, ದೊಡ್ಡಮ್ಮ.”

“ಇಷ್ಟ ಇಲ್ಲ. ನಾಲ್ಕು ವರ್ಷದವನಿದ್ದಾಗ ಉಗಿದಿದ್ದೆ. ಅವತ್ತಿಂದ ಈ ಮನೇಲಿ ಅದನ್ನ ಮಾಡೇ ಇಲ್ಲ.”

ಗೀಟಣ್ಣ ಬರೆದುಕೊಂಡ.

“ನಾನು ಯಾವ ಕೆಲಸಕ್ಕೂ ಹಿಂದೆಮುಂದೆ ನೋಡುವುದಿಲ್ಲ,” ಎಂದು ಅಣ್ಣ ಹೇಳಿಕೊಟ್ಟ.

“ಹಾಗಾದ್ರೆ ಒಂದು ತಿಂಗಳಿಂದ ನಲ್ಲಿ ಯಾಕೆ ಸೋರ್ತಾ ಇದೆ?” ಎಂದಳು ಗೀಟಣ್ಣನ ಹೆಂಡತಿ.

“ಅದು ಮನೆ ಕೆಲಸ, ಕಣಮ್ಮಾ. ಇದು ಕಾರ್ಖಾನೆದು.”

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಿಟಕಿಗೆ ಮುಖವಿಟ್ಟು, “ನಾನು ಸ್ವತಂತ್ರವಾಗಿ ಯೋಚಿಸುತ್ತೇನೆ, ಅಂತ ಹಾಕಪ್ಪ. ತೂಕ ಇರುತ್ತೆ,” ಎಂದರು. ಇದಕ್ಕೆ ಮಾತ್ರ ದೊಡ್ಡ ಚರ್ಚೆಯಾಗಿ ಮತಕ್ಕೆ ಹಾಕಬೇಕಾಯಿತು. ಪರವಾಗಿ ಏಳು ಕೈ, ವಿರುದ್ಧ ಮೂರು. ಗೀಟಣ್ಣನ ಕೈ ಏಳಲಿಲ್ಲ, ಅದು ಬರೆಯುವುದರಲ್ಲಿತ್ತು.

ಒಂಬತ್ತು ವಾಕ್ಯ ಮುಗಿಯುವಷ್ಟರಲ್ಲಿ ಎರಡೂ ಮುಕ್ಕಾಲು. ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿದ. ಕಾರ್ಖಾನೆಯ ಗೇಟಿನ ಬಳಿ, ಸುತ್ತ ಯಾರೂ ಇಲ್ಲದ್ದನ್ನು ಕಂಡು, ಹಾಳೆಯನ್ನು ಗೋಡೆಗೊತ್ತಿ ಹತ್ತನೆಯದನ್ನು ತಾನೇ ಬರೆದ: ನಾನು ಒಬ್ಬನೇ ಇದ್ದಾಗ ತುಂಬ ಸುಖವಾಗಿರುತ್ತೇನೆ. ಒಬ್ಬನೇ ಇದ್ದು ಅವನಿಗೆ ಗೊತ್ತಿರಲಿಲ್ಲ. ಪ್ರಯೋಗವನ್ನೇ ಮಾಡದೆ ಬರೆದ ಫಲಿತಾಂಶ ಅದು. ಆದರೂ ಬರೆದಾಗ ಮೈ ಝುಮ್ಮೆಂದಿತು.

ಮೇಡಂ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಹಾಳೆ ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಹೆಚ್ಚುಕಡಿಮೆ ಓಡಿಯೇ ಹೋದರು. ಐದು ನಿಮಿಷಕ್ಕೆ ಗೀಟಣ್ಣನಿಗೆ ಕರೆ ಬಂತು.

“ಮೂವತ್ತೆರಡು ಜನ ಬರೆದಿದಾರೆ,” ಎಂದರು ಮೇಡಂ. “ಮೂವತ್ತೊಂದು ಜನ ಯಾರದೋ ಅಪ್ಪ, ಯಾರದೋ ಸೊಸೆ. ತಾವು ತಾವೇ ಆಗಿರೋರು ನೀವೊಬ್ಬರೇ.”

ಮ್ಯಾನೇಜರು ಎದ್ದು ಬಂದು ಗೀಟಣ್ಣನ ಕೈ ಕುಲುಕಿದರು. “ತಪಾಸಣೆ ಕೋಣೆಗೆ ಸ್ಟೋರಿನವರನ್ನ ಹಾಕ್ತೀನಿ, ಅಷ್ಟು ಸಾಕು. ನಿಮ್ಮಂಥ ಒಂಟಿಸಲಗಕ್ಕಾಗಿ ಮೂರು ವರ್ಷದಿಂದ ಹುಡುಕ್ತಾ ಇದ್ದೆ. ಗುಡ್ಡದ ತುದೀಲಿ ನಮ್ಮದೊಂದು ವೀಕ್ಷಣಾಲಯ ಇದೆ. ಚಳೀನ ಥರ್ಮಾಮೀಟರ್ ಹೇಗೆ ತಡ್ಕೊಳ್ಳುತ್ತೆ ಅಂತ ಎರಡು ವರ್ಷ ನೋಡಬೇಕು. ಹತ್ತಿರದ ಮನೆಗೆ ಇಪ್ಪತ್ತು ಮೈಲಿ. ನಾಳಿದ್ದು ಹೊರಡಿ.”

ಗೀಟಣ್ಣನ ಉತ್ಸಾಹದ ಪಾದರಸ ಸೊನ್ನೆಗಿಳಿಯಿತು. “ಸಾರ್, ಸ್ವಲ್ಪ ಯೋಚನೆ ಮಾಡಿ...”

“ನೀವು ಯಾವ ಕೆಲಸಕ್ಕೂ ಹಿಂದೆಮುಂದೆ ನೋಡೋರಲ್ಲ. ಇಲ್ಲೇ ಬರೆದಿದೀರಿ.”

“ಮನೇಲಿ ಒಂದು ಮಾತು ಕೇಳಿ...”

“ಸ್ವತಂತ್ರವಾಗಿ ಯೋಚಿಸೋರು ಕೇಳ್ತಾರೇನ್ರೀ?” ಮ್ಯಾನೇಜರು ನಕ್ಕರು. “ಅದೂ ಅಲ್ದೆ, ಹತ್ತನೇ ವಾಕ್ಯ ಓದಿದ ಮೇಲೆ ನಿಮ್ಮನ್ನ ಜನರ ಮಧ್ಯೆ ಇಟ್ರೆ ನಂಗೆ ಪಾಪ ಬರುತ್ತೆ.”

ಸಂಜೆ ಮನೆಯ ಕಡೆ ನಡೆಯುವಾಗ ಗೀಟಣ್ಣನಿಗೆ ಉಳಿದಿದ್ದ ಆಸೆ ಒಂದೇ: ದೊಡ್ಡಮ್ಮ ಒಪ್ಪುವುದಿಲ್ಲ. ಅವರು ಬೇಡವೆಂದರೆ ಬೇಡ. ಬದುಕಿನಲ್ಲಿ ಮೊದಲ ಬಾರಿ ಅವನು, ತನ್ನ ವಿಷಯವನ್ನು ಬೇರೆ ಯಾರಾದರೂ ತೀರ್ಮಾನಿಸಲಿ ಎಂದು ಹಾರೈಸಿದ.

ಎಲ್ಲವನ್ನೂ ಹೇಳಿದ.

“ಎರಡು ವರ್ಷ ಇವನೊಬ್ಬನೇನಾ? ಆಗದ ಮಾತು,” ಎಂದರು ದೊಡ್ಡಮ್ಮ.

ಗೀಟಣ್ಣನಿಗೆ ಹೋದ ಜೀವ ಬಂದಂತಾಯಿತು.

“ಎಲ್ಲರೂ ಹೊರಡೋಣ,” ಎಂದು ಅವರು ಮಾತು ಮುಗಿಸಿದರು. ಅತ್ತಿಗೆ ಆಗಲೇ ಅಟ್ಟದಿಂದ ಟ್ರಂಕು ಇಳಿಸಲು ಸ್ಟೂಲು ಹತ್ತಿದ್ದಳು.

“ದೊಡ್ಡಮ್ಮಾ,” ಗೀಟಣ್ಣ ತನ್ನ ಕೊನೆಯ ಅಸ್ತ್ರ ಬಿಟ್ಟ, “ಅಲ್ಲಿರೋದು ಒಂದೇ ಕೋಣೆ.”

“ಒಳ್ಳೇದೇ ಆಯ್ತು ಬಿಡು,” ಎಂದರು ದೊಡ್ಡಮ್ಮ. “ಇಲ್ಲಿ ಮೂರು ಕೋಣೇಲಿ ನಿನ್ನನ್ನ ಹುಡುಕಿ ಹುಡುಕಿ ನಂಗೂ ಸಾಕಾಗಿತ್ತು.”